ಜೇಬಿನಲ್ಲಿ ಬಂದ ಮೂರು ಹನಿ ಮಜ್ಜೆ

ಕಿರಂಗೂರಿನಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಯಾರ ಮಗಳು ಅಂತ, ಆಮೇಲೆ ಏನು ಕೆಲಸ ಅಂತ. ಮೊದಲೆರಡಕ್ಕೆ ಸಲೀಸಾಗಿ ಉತ್ತರ ಕೊಡುತ್ತೇನೆ. ಮೂರನೆಯದಕ್ಕೆ ‘ರಕ್ತ ಪರೀಕ್ಷೆ’ ಎಂದು ಹೇಳಿ ಕಿಟಕಿ ಕಡೆ ತಿರುಗಿಬಿಡುತ್ತೇನೆ. ಶುಗರ್ ಎಷ್ಟಿದ್ದರೆ ಒಳ್ಳೇದು ಎಂದು ಶುರುಮಾಡಿದರೆ ಮೈಸೂರು ಬಂದರೂ ಮುಗಿಯುವುದಿಲ್ಲ.

ನನ್ನ ಕೆಲಸ ಬೇರೆ. ರಕ್ತದ ಕ್ಯಾನ್ಸರ್ ಬಂದವರಲ್ಲಿ ಅದು ಯಾವ ಬಗೆಯದು ಎಂದು ಪತ್ತೆ ಮಾಡುವ ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್. ನಮ್ಮ ಫ್ರಿಜ್ಜಿನಲ್ಲಿ ಕಿರುಬೆರಳಿನಷ್ಟು ಬಾಟಲಿಗಳಿವೆ. ಒಂದೊಂದರಲ್ಲೂ ಒಂದೊಂದು ಆಂಟಿಬಾಡಿ. ಅವುಗಳಲ್ಲಿ ನನಗೆ ಸಿಡಿ ಮೂವತ್ಮೂರರ ಬಾಟಲಿ ಎಂದರೆ ಮೊದಲಿನಿಂದಲೂ ಒಂದು ಬಗೆಯ ಭಕ್ತಿ.

ಸಿಡಿ ಮೂವತ್ಮೂರು ಎಂಬುದು ಕೆಲವು ಬಿಳಿ ರಕ್ತಕಣಗಳ ಮೈಮೇಲಿರುವ ಗ್ರಾಹಕ, ಅಂದರೆ ಎದುರಿಗೆ ಸಿಕ್ಕಿದ್ದನ್ನು ಮುಟ್ಟಿ ಗುರುತು ಹಿಡಿಯುವ ಕೊಂಡಿ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಸಯಾಲಿಕ್ ಆಮ್ಲ ಎಂಬ ಒಂದು ಜಾತಿಯ ಸಕ್ಕರೆ ಇರುತ್ತದೆ. ಗ್ರಾಹಕ ಅದನ್ನು ಮುಟ್ಟಿ ನೋಡುತ್ತದೆ. ಸಿಕ್ಕಿತೋ, ‘ನಮ್ಮೋರೇ, ಬುಡು’ ಎಂದು ತನ್ನ ಕಣದ ಸಿಟ್ಟನ್ನು ಇಳಿಸುತ್ತದೆ. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ನಮ್ಮ ಬಸ್ಸೇ ನೆನಪಾಯಿತು. ನನಗೆ ಗೊತ್ತೇ ಇಲ್ಲದೆ ನನ್ನ ಮೈಯೊಳಗೂ ಯಾರೋ ಊರು ಕೇಳುತ್ತ ಓಡಾಡುತ್ತಿದ್ದಾರಲ್ಲ ಎಂದು ಬೆರಗಾಗಿ, ಅವತ್ತು ಊಟ ಮಾಡುವುದನ್ನೂ ಮರೆತೆ.

ಬಾಟಲಿಯಲ್ಲಿರುವ ಆಂಟಿಬಾಡಿ ಆ ಗ್ರಾಹಕವನ್ನಷ್ಟೇ ಹುಡುಕಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣ ಅಂಟಿಸಿರುತ್ತಾರೆ. ಯಂತ್ರದ ಬೆಳಕು ಬಿದ್ದರೆ ಆ ಕಣ ಹೊಳೆಯುತ್ತದೆ. ಎಲ್ಲೋ ದೂರದೇಶದ ಒಂದು ಇಲಿಯ ಮೈಯಲ್ಲಿ ಮೊದಲು ಹುಟ್ಟಿದ ವಸ್ತು, ನಾಗಮಂಗಲದವರ ಕಣವನ್ನೂ ಅರಕೆರೆಯವರ ಕಣವನ್ನೂ ಒಂದಿಷ್ಟೂ ತಡವರಿಸದೆ ಗುರುತು ಹಿಡಿಯುತ್ತದೆ. ಎಷ್ಟು ವರ್ಷ ನೋಡಿದರೂ ನನಗಿದು ಹಳತಾಗಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬರು ಮಜ್ಜೆಯ ಸ್ಯಾಂಪಲ್ ತಂದರು. ಕೆ.ಆರ್. ಪೇಟೆ ಕಡೆಯ ಹಳ್ಳಿಯವರು, ಊರ ಡೇರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸ. ಅವರ ಹೆಂಡತಿ ಕೆ.ಆರ್. ಪೇಟೆಯಲ್ಲೇ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಎರಡು ಟ್ಯೂಬಿನಲ್ಲಿ ಗಂಡನ ಕೈಗೆ ಕೊಟ್ಟು ಕಳಿಸಿದ್ದರು. ಕಾಯಿಲೆ ಯಾವ ಬಗೆಯದೆಂದು ನಾವು ಹೇಳಿದ ಮೇಲೆಯೇ ಔಷಧಿ ಶುರುವಾಗಬೇಕು. ಆಕೆಗೆ ಇನ್ನೊಂದು ಸಲ ಸೂಜಿ ಹಾಕುವಂತಿಲ್ಲ, ತುಂಬಾ ಸೋತಿದ್ದಾರೆ ಎಂದು ಅಲ್ಲಿನ ಡಾಕ್ಟರು ಮೊದಲೇ ಫೋನು ಮಾಡಿದ್ದರು.

ಅವರು ಟವೆಲ್ಲಿನ ಗಂಟು ಬಿಚ್ಚಿ, ಊಟದ ಡಬ್ಬಿಯಲ್ಲಿ ತುಂಬಿದ್ದ ಐಸಿನೊಳಗಿಂದ ಒಂದು ಟ್ಯೂಬನ್ನು ಜೋಪಾನವಾಗಿ ಎತ್ತಿ ಕೊಟ್ಟರು. ಅದು ಕಲ್ಲಿನಂತೆ ಹೆಪ್ಪುಗಟ್ಟಿತ್ತು.

“ಏನ್ರೀ ಇದು? ಫ್ರೀಜರಲ್ಲಿ ಇಟ್ಟಿದ್ರಾ?”

“ಊ ಮೇಡಮ್ಮೋರೆ. ಪಾಂಡವಪುರದಲ್ಲಿ ನಮ್ ಬಾಮೈದುನ್ ಬೇಕ್ರಿ ಐತೆ. ಐಸ್ಕ್ರೀಮ್ ಪೆಟ್ಗೇಲಿ ಮಡಗಿ ಗಟ್ಟಿ ಮಾಡ್ಕಂಡು ಬಂದೆ. ಈ ಬಿಸ್ಲಿಗೆ ಆಲೇ ಒಡ್ದೋಯ್ತದೆ, ಇದು ಕೆಡಾಕಿಲ್ವಾ?”

“ಇದು ಹಾಲಲ್ಲ ಕಣ್ರೀ!” ಎಂದು ಕಿರುಚಿಬಿಟ್ಟೆ. ನನ್ನ ಬಾಯಿ ಯಾವಾಗಲೂ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ. ಹೆಪ್ಪುಗಟ್ಟಿದರೆ ಕಣಗಳೆಲ್ಲ ಒಡೆದುಹೋಗುತ್ತವೆ, ಹಿಡಿದುಕೊಳ್ಳಲು ಆಂಟಿಬಾಡಿಗೆ ಏನೂ ಉಳಿದಿರುವುದಿಲ್ಲ ಎಂದು ಅವರಿಗೆ ಒಂದೇ ಉಸಿರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಹೆಂಡತಿಯ ಜೀವವನ್ನು ತನಗೆ ಗೊತ್ತಿದ್ದ ಅತಿ ಒಳ್ಳೆಯ ರೀತಿಯಲ್ಲಿ ಕಾಪಾಡಿಕೊಂಡು ಬಂದ ಮನುಷ್ಯನಿಗೆ ಹೀಗೆ ಬೈದೆನಲ್ಲ ಎಂದು ನಾಚಿಕೆಯಾಯಿತು. ದನಿ ತಗ್ಗಿಸಿ, ಇನ್ನೊಂದು ಟ್ಯೂಬು ಎಲ್ಲಿ ಎಂದು ಕೇಳಿದೆ.

“ಅದ್ರಲ್ಲಿ ಏನೂ ಇರ್ನಿಲ್ಲ, ತಳದಲ್ಲಿ ಒಸಿ ಇತ್ತು. ಇರ್ಲಿ ಅಂತ ಜೋಬಿಗಾಕ್ಕಂಡೆ,” ಎಂದು ಅಂಗಿ ಜೇಬಿನಿಂದ ಬಸ್ ಟಿಕೆಟ್ಟಿನ ಜೊತೆ ಅದನ್ನೂ ತೆಗೆದರು. ಮೂರೇ ಹನಿ. ಮೈಯ ಶಾಖಕ್ಕೆ ಬೆಚ್ಚಗಿತ್ತು, ಓರೆ ಮಾಡಿದರೆ ಹರಿಯುತ್ತಿತ್ತು.

ಒಂದೇ ಸಲಕ್ಕೆ ಆಗುವಷ್ಟು. ತಪ್ಪಿದರೆ ಇನ್ನಿಲ್ಲ. ಆಂಟಿಬಾಡಿ ಸರಿಯಿದೆಯೇ ಎಂದು ಮೊದಲು ಸಹೋದ್ಯೋಗಿಯಿಂದ ನನ್ನ ರಕ್ತವನ್ನೇ ತೆಗೆಸಿ ಹಾಕಿ ನೋಡಿದೆ. ನನ್ನ ಕಣಗಳು ಹೊಳೆದವು. ಆಮೇಲೆ ಆ ಮೂರು ಹನಿಗೆ ಮೂವತ್ಮೂರನ್ನೂ ಜೊತೆಗೆ ಬೇಕಾದ ಉಳಿದವನ್ನೂ ಬೆರೆಸಿ, ಬೆಳಕಿಗೆ ಬಣ್ಣ ಮಾಸದಂತೆ ಕತ್ತಲ ಪೆಟ್ಟಿಗೆಯಲ್ಲಿಟ್ಟೆ.

ಹೊತ್ತು ಮುಗಿದ ಮೇಲೆ ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬೀಳತೊಡಗಿದವು, ಒಂದು ಚುಕ್ಕಿ ಎಂದರೆ ಒಂದು ಕಣ. ನೋಡನೋಡುತ್ತಿದ್ದಂತೆ ಮೂವತ್ಮೂರರ ಜಾಗದಲ್ಲಿ, ಆರೋಗ್ಯವಂತರಲ್ಲಿ ಎಂದೂ ಕಾಣದಷ್ಟು ದೊಡ್ಡ ಗುಡ್ಡೆ ಬೆಳೆಯಿತು. ಜೇಬಿನಲ್ಲಿ ಕುಲುಕಾಡಿಕೊಂಡು ಬಂದ ಕಣಗಳನ್ನೂ ಆಂಟಿಬಾಡಿ ಬಿಡದೆ ಹಿಡಿದಿತ್ತು. ನಮ್ಮ ಡಾಕ್ಟರು ಎಲ್ಲವನ್ನೂ ನೋಡಿ, ಬಗೆ ಇಂಥದ್ದೇ ಎಂದು ಖಚಿತಪಡಿಸಿ, ಔಷಧಿ ಶುರುಮಾಡಿ ಎಂದು ಆಸ್ಪತ್ರೆಗೆ ಫೋನು ಮಾಡಿದರು.

“ನಾನೂ ಒಂದ್ಕಿತ ನೋಡ್ಬೋದಾ?” ಎಂದು ಟ್ಯೂಬು ತಂದವರು ಬಾಗಿಲಲ್ಲಿ ನಿಂತು ಕೇಳಿದರು. ಹಾಗೆ ತೋರಿಸುವ ಪದ್ಧತಿಯಿಲ್ಲ. ಬೈದ ತಪ್ಪಿಗೆ ಪರದೆಯನ್ನು ಅವರ ಕಡೆ ತಿರುಗಿಸಿದೆ. ನಾನು ಗೆರೆ ಎಳೆದು ಸುತ್ತುಗಟ್ಟಿದ್ದ ಗುಡ್ಡೆಯನ್ನು ಅವರು ಬಹಳ ಹೊತ್ತು ನೋಡಿದರು.

“ಇಷ್ಟೂ ಕಾಯ್ಲೆಯಾ?”

“ಹೌದು.”

ಅವರ ಬೆರಳು ಗೆರೆಯ ಆಚೆ, ಮೂಲೆಯಲ್ಲಿ ಚದುರಿಬಿದ್ದ ಕೆಲವೇ ಚುಕ್ಕಿಗಳತ್ತ ಹೋಯಿತು. “ಇವು?”

“ಅವು ಒಳ್ಳೆಯ ಕಣ. ಪರೀಕ್ಷೆಗೆ ಬೇಕಾಗೋದಿಲ್ಲ.”

“ಅಂಗಾರೆ ನಮ್ಮೋಳು ಇಲ್ಲೇ ಅವ್ಳೆ,” ಎಂದರು. ಬೆರಳು ಗಾಜಿಗೆ ತಾಗದಂತೆ ಹಾಗೇ ಹಿಡಿದು ನಿಂತರು.

ಎಳೆದಿದ್ದ ಗೆರೆಯನ್ನು ಅಳಿಸಿ, ಆ ಮೂಲೆಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದೆ.