ಅಮ್ಮ ಆಡಿದ ಇಪ್ಪತ್ತೆಂಟು

ನಮ್ಮಪ್ಪ ಮುನಿಯಣ್ಣ ಯಶವಂತಪುರ ಸ್ಟೇಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಇಸ್ಪೀಟಿನಲ್ಲಿ ಅಮ್ಮನ ಓಲೆ, ಹಿತ್ತಾಳೆ ಹಂಡೆ, ಕೊನೆಗೆ ಹಾಲು ಕೊಡುವ ಎಮ್ಮೆಯನ್ನೂ ಕಳೆದ ಮೇಲೆ, ಇನ್ನು ಎಲೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಮಾಡಿದ್ದು ನನ್ನ ತಲೆ ಮುಟ್ಟಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆಗ ನನಗೆ ಐದು ವರ್ಷ. ಅವರು ಎಲೆ ಮುಟ್ಟಿದ ದಿನ ನಾನು ಸಾಯುತ್ತೇನೆ ಎಂದು ಪಕ್ಕದ ಮನೆಯ ಮುನಿಕೆಂಪಮ್ಮ ಚೆನ್ನಾಗಿ ಬಿಡಿಸಿ ಹೇಳಿದಳು. ಅಂದಿನಿಂದ ಅಪ್ಪ ಮನೆಗೆ ಬರುವುದು ಹತ್ತು ನಿಮಿಷ ತಡವಾದರೂ ನಾನು ಬೀದಿಗೆ ಓಡಿ ದಾರಿ ಕಾಯುತ್ತಿದ್ದೆ.

ನನಗಿಂತ ಹೆಚ್ಚು ಹೆದರಿದವಳು ಅಮ್ಮ, ಗೋಪಾಲಮ್ಮ. ನಾಲ್ಕು ವರ್ಷ ಅವಳು ಅಪ್ಪನ ಜೇಬು ತಡಕಿದಳು, ಡ್ಯೂಟಿ ಮುಗಿಯುವ ಹೊತ್ತಿಗೆ ಸ್ಟೇಷನ್ನಿನ ಗೇಟಿನ ಹತ್ತಿರ ಕಾದು ನಿಂತಳು. ಅಂಥವಳೇ ೧೯೬೧ರಲ್ಲಿ ಇಸ್ಪೀಟಿನ ಪಂದ್ಯ ಏರ್ಪಡಿಸಿದಳು ಎಂದರೆ ಯಾರೂ ನಂಬುವುದಿಲ್ಲ. ಅವಳು ಆಯಾ ಆಗಿದ್ದ ಶಿಶುವಿಹಾರದ ಹೆಂಚೆಲ್ಲ ಮಳೆಗೆ ಕುಸಿದಿತ್ತು. ಚಂದಾ ಎಂದರೆ ನಾಲ್ಕಾಣೆ ಕೊಡಲೂ ಮುಖ ಸಿಂಡರಿಸುತ್ತಿದ್ದ ಗಂಡಸರು, ಇಪ್ಪತ್ತೆಂಟು ಎಂಬ ಇಸ್ಪೀಟಾಟದ ಪಂದ್ಯ ಎಂದ ಕೂಡಲೇ ಜೋಡಿಗೆ ಐದು ರೂಪಾಯಿ ಕೊಡಲು ಮುಂದೆ ಬಂದರು.

"ಮಕ್ಳು ನೆನೆದ್ರೂ ಪರ್ವಾಗಿಲ್ಲ, ಇವ್ರ ಕೈಗೆ ಎಲೆ ಬೇಕು," ಎಂದು ಬೈದುಕೊಂಡೇ ಅಮ್ಮ ಅವರ ಹೆಸರು ಬರೆಸಿದಳು.

ಪಂದ್ಯದ ಭಾನುವಾರ ಬೆಳಗ್ಗೆಯೇ ಅಪ್ಪನನ್ನು ಮಾಕಳಿಗೆ, ಅಜ್ಜಿಯ ಮನೆಗೆ ಅಟ್ಟಿದಳು. ಸಂಜೆವರೆಗೆ ಬರಕೂಡದು ಎಂದು ಎರಡೆರಡು ಸಲ ಹೇಳಿದಳು. ಶಿಶುವಿಹಾರದ ಹೆಂಚಿಲ್ಲದ ಕೋಣೆಯಲ್ಲಿ ಚಾಪೆ ಹಾಸಿ ಎಂಟು ಜೋಡಿ ಕೂತರು. ಮೊದಲ ಸುತ್ತು ಗೆದ್ದ ಬೀಡಾ ಅಂಗಡಿಯ ಲಕ್ಕಣ್ಣನ ಜೊತೆಗಾರನಿಗೆ ಮಧ್ಯಾಹ್ನ ಡ್ಯೂಟಿಗೆ ಕರೆ ಬಂದು, ಅವನು ಎದ್ದುಹೋದ. ಅದೇ ಹೊತ್ತಿಗೆ ಬಾಗಿಲಲ್ಲಿ ಅಪ್ಪ. ಅಜ್ಜಿ ಊರಲ್ಲಿಲ್ಲವೆಂದು ಸಿಕ್ಕಿದ ಬಸ್ಸಿಗೆ ಹಿಂದಿರುಗಿದ್ದರು.

"ಬಾರೋ ಮುನಿಯಣ್ಣ, ಒಂದು ಕೈ ಕಮ್ಮಿ ಐತೆ," ಎಂದ ಲಕ್ಕಣ್ಣ.

"ಆಣೆ ಐತೆ ಕಣೋ."

"ಇದೇನ್ ಜೂಜಾ? ಧರ್ಮದ ಕೆಲ್ಸ. ಇದಕ್ಕೆಲ್ಲ ಆಣೆ ತಟ್ಟಕಿಲ್ಲ, ಬಾ."

ಅಪ್ಪ ಒಂದು ಚಪ್ಪಲಿ ಬಿಟ್ಟರು. ಹೊರಗೆ ನಿಂತು ನೋಡುತ್ತಿದ್ದ ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಸಾಯುವಾಗ ನೋವಾಗುತ್ತದೆಯೇ ಎಂದು ಯೋಚಿಸಿದ್ದು ಇಂದಿಗೂ ನೆನಪಿದೆ. ಅವರು ಎರಡನೇ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಕ್ಕಣ್ಣನ ಎದುರು ಕೂತುಬಿಟ್ಟಳು.

"ನಾನ್ ಆಡ್ತೀನಿ. ಎಲೆ ಹಾಕಿ."

ಗಂಡಸರು ನಕ್ಕರು. ಹಿಂದೆ ನಮ್ಮ ಜಗುಲಿಯಲ್ಲೇ ಆಟ ನಡೆಯುತ್ತಿದ್ದಾಗ, ಕಾಫಿ ಕೊಡುತ್ತ ಅವಳು ಇವರೆಲ್ಲರ ಎಲೆಗಳನ್ನು ಬೆನ್ನ ಹಿಂದಿನಿಂದ ನೋಡಿ ಕಲಿತಿದ್ದಳು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಮೊದಲ ಆಟ ಅವಳದೇ. ಎರಡನೆಯದರಲ್ಲಿ ಇಪ್ಪತ್ತು ಪಾಯಿಂಟಿಗೆ ಕೂಗಿ, ತುರುಪು ಮುಚ್ಚಿಟ್ಟು, ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆಯಾದ ಗುಲಾಮನನ್ನು ಕೊನೆಯವರೆಗೂ ಹಿಡಿದಿಟ್ಟು ಹೊಡೆದಳು. ನಗು ನಿಂತಿತು. ನನಗೆ ಹೋದ ಜೀವ ಬಂತು, ಜೊತೆಗೆ ಜಂಬವೂ ಬಂತು.

ಫೈನಲ್ ಗೆದ್ದಾಗ ಐದು ಗಂಟೆ. ಜನ ಏಳುತ್ತಿದ್ದರು. ಅಮ್ಮ ಮಾತ್ರ ಏಳಲಿಲ್ಲ. ಎಲೆ ಕಲೆಸಿ ಮತ್ತೆ ಹಂಚತೊಡಗಿದಳು.

"ಕೂತ್ಕೊಳ್ರಣ್ಣ, ಇನ್ನೊಂದಾಟ. ಸುಮ್ನೆ ಬ್ಯಾಡ, ಒಂದ್ ರೂಪಾಯಿ ಇಟ್ಟು ಆಡಾನ."

ನಾನು "ಅಮ್ಮಾ" ಎಂದು ಕರೆದೆ. ಅವಳಿಗೆ ಕೇಳಿಸಲಿಲ್ಲ. ಮುಖ ಕೆಂಪೇರಿ, ಕಣ್ಣು ಎಲೆಯ ಮೇಲೇ ನೆಟ್ಟಿತ್ತು. ಅದು ನಮ್ಮಮ್ಮನ ಮುಖವೇ ಅಲ್ಲ. ಸಾಯುವ ಭಯಕ್ಕಿಂತ ದೊಡ್ಡ ಭಯ ಇದೆಯೆಂದು ನನಗೆ ಗೊತ್ತಾದದ್ದು ಆಗ.

ಅಪ್ಪ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಎಲೆ ಕೆಳಗಿಡೇ."

ಅಮ್ಮ ಅವರನ್ನು ನೋಡಿದಳು. ಹಿಡಿದ ಎಲೆ ಬಿಡಲಿಲ್ಲ. "ಇಡಕ್ಕಾಗ್ತಿಲ್ಲ ಕಣ್ರೀ. ನೀವೇ ಕಿತ್ಕೊಳ್ಳಿ."

ಅಪ್ಪನ ಕೈ ಎಲೆಗಳ ಹತ್ತಿರ ಹೋಗಿ ನಿಂತಿತು. ತಿರುಗಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಎಲೆ ಬಿಟ್ಟು ಅವಳ ಮಣಿಕಟ್ಟು ಹಿಡಿದು ಹಿಂಡಿದರು. ಎರಡು ಗಾಜಿನ ಬಳೆ ಒಡೆದವು. ಎಲೆಗಳು ಚಾಪೆಯ ಮೇಲೆ ಉದುರಿದವು. ಅಷ್ಟು ಜನರ ಎದುರು ಅಮ್ಮ ಅತ್ತಳು.

"ಇಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಳು. "ನಾಕು ವರ್ಷ ಎಂಗ್ ತಡ್ಕೊಂಡ್ರಿ?"

"ದಿನಾ ತಡ್ಕೊಂತಾನೇ ಇವ್ನಿ," ಎಂದರು ಅಪ್ಪ. ಮನೆ ತಲುಪುವವರೆಗೂ ಅವರು ಆ ಮಣಿಕಟ್ಟು ಬಿಡಲಿಲ್ಲ.