ತಿಳಿಯದ ಇಂಗ್ಲಿಷಿಗೆ ‘ಹೈ’ ಅಂದವರು

ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಎರಡು ವರ್ಷದ ಹಿಂದೆ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಸೇರಿದೆ. ಜಪಾನಿನ ವೃದ್ಧಾಶ್ರಮಗಳಿಗೆ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ರೋಗಿಯನ್ನು ಎತ್ತುವುದು, ಹೊರಳಿಸುವುದು ಕಲಿಸುತ್ತೇನೆ. ಭಾಷೆ ಕಲಿಸುವವನು ಮಾಲೀಕ. ಅವನು ಮಾಡಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಇದನ್ನು ಬರೆಯುತ್ತಿರುವುದು ಮೊಬೈಲಿನಲ್ಲಿ; ಸಿಟ್ಟಿನಲ್ಲಿ ಒತ್ತಿದರೆ ಒಂದಕ್ಕೆ ಮೂರು ಅಕ್ಷರ ಬೀಳುತ್ತವೆ. ನಿಧಾನ ಬರೆಯುತ್ತೇನೆ.

ಜಪಾನಿ ಭಾಷೆಯಲ್ಲಿ ಇಂಗ್ಲಿಷಿನಿಂದ ಹೋದ ಪದಗಳು ಬೇಕಾದಷ್ಟಿವೆ, ಆದರೆ ಅಲ್ಲಿ ಅವುಗಳ ಅರ್ಥ ಬೇರೆ. ‘ಕೊನ್ಸೆಂತೊ’ ಅಂದರೆ ಒಪ್ಪಿಗೆಯ ಕನ್ಸೆಂಟ್ ಅಲ್ಲ, ಗೋಡೆಯ ಪ್ಲಗ್ ಸಾಕೆಟ್. ‘ಮನ್ಶೊನ್’ ಅಂದರೆ ಮ್ಯಾನ್ಶನ್ ಎನ್ನುವ ಬಂಗಲೆಯಲ್ಲ, ಫ್ಲ್ಯಾಟು. ‘ಸುಮಾತೊ’ ಅಂದರೆ ತೆಳ್ಳಗಿರುವವರು. ಆ ಲೆಕ್ಕಕ್ಕೆ ನಾನು ಯಾವತ್ತೂ ಸ್ಮಾರ್ಟ್ ಅಲ್ಲ. ಪುಸ್ತಕದಲ್ಲಿ ಇದಕ್ಕೇ ಒಂದು ಪಾಠವಿತ್ತು. ಮಾಲೀಕ ಅದನ್ನು ಹಾರಿಸಿದ.

“ಇಂಗ್ಲಿಷ್ ಐತಲ್ಲ, ಅದನ್ನೇನ್ ಕಲಸೂದು? ತಿಳೀಲಿಲ್ಲಂದ್ರ ‘ಹೈ’ ಅನ್ರಿ. ಹೈ ಅಂದ್ರ ಹೌದು.”

ನಮ್ಮಲ್ಲಿ ಕಲಿಯುತ್ತಿದ್ದ ಗುಡೂರಿನ ರುಖ್ಸಾನಾ ಇಳಕಲ್ಲಿನ ದವಾಖಾನೆಯ ಕೆಲಸ ಬಿಟ್ಟು ಬಂದವಳು. ಜಪಾನಿನ ವೃದ್ಧಾಶ್ರಮದವರ ಸಂದರ್ಶನ ತಪ್ಪಿದರೆ ಅದೂ ಇಲ್ಲ, ಇದೂ ಇಲ್ಲ. ಆ ದಿನ ನಾನೂ ಮಾಲೀಕನೂ ಅವಳ ಹಿಂದೆ ನಿಂತಿದ್ದೆವು. ವಿಡಿಯೋದಲ್ಲಿ ಜಪಾನಿನ ಹೆಂಗಸು ಕೇಳಿದ್ದಕ್ಕೆಲ್ಲ ‘ಹೈ’ ಅಂದಳು. ಕೊನೆಗೆ, ಪಕ್ಕದಲ್ಲಿದ್ದ ತರಬೇತಿಯ ವಿದ್ಯುತ್ ಹಾಸಿಗೆಯ ವಯರನ್ನು ಕೊನ್ಸೆಂತೊದಿಂದ ತೆಗೆಯಲು ಹೇಳಿದರು. “ಹೈ” ಅಂದವಳು ಕೂತೇ ಇದ್ದಳು. ಮತ್ತೆ ಹೇಳಿದರು. ಮತ್ತೆ “ಹೈ”, ಮತ್ತೆ ಕೂತೇ ಇದ್ದಳು.

ಆ ಹೆಂಗಸು ಪೆನ್ನು ಕೆಳಗಿಟ್ಟರು. ಪದ ಗೊತ್ತಿಲ್ಲದ್ದು ತಪ್ಪಲ್ಲ, ತಿಳಿಯದೆ ಹೌದೆನ್ನುವವರ ಕೈಗೆ ನಮ್ಮ ಮುದುಕರನ್ನು ಕೊಡಲಾರೆವು ಎಂದು ತಮ್ಮ ಪಕ್ಕ ಕೂತಿದ್ದ ದುಭಾಷಿಯಿಂದ ಹೇಳಿಸಿದರು.

ಮಾಲೀಕ ರುಖ್ಸಾನಾಳನ್ನೇ ಬೈಯತೊಡಗಿದ. ನನಗೆ ತಡೆಯಲಾಗಲಿಲ್ಲ.

“ಆಕೀಗ್ಯಾಕ ಬೈತಿ? ಪಾಠ ಹಾರಿಸಿದಾಂವ ನೀ!”

“ಸಿಸ್ಟರ್, ನೀವು ಪೇಶಂಟ್ ಎತ್ತೂದಷ್ಟ ಕಲಸ್ರಿ.”

“ಮದಲ ನಿನ್ನ ಎತ್ತಿ ಹೊರಗ ಒಗೀತೇನಿ, ತಡಿ!”

ಅವನು ಫೋನ್ ಬಂದವರ ಹಾಗೆ ಮಾಡಿ ಹೊರಗೆ ಹೋದ. ನನ್ನ ಸಿಟ್ಟು ಹುಡುಗಿಯ ಕಡೆ ತಿರುಗಿತು. “ನಿನಗ ಬಾಯಿ ಇದ್ದಿಲ್ಲೇನ? ತಿಳೀಲಿಲ್ಲ ಅಂತ ಕೇಳಾಕ ಏನಾಗಿತ್ತು?”

“ದೊಡ್ಡವರಿಗೆ ಹಂಗ ತಿರುಗಿ ಹೆಂಗ ಕೇಳೂದ್ರಿ ಸಿಸ್ಟರ್? ನಿಮಗೂ ನಾ ಹೂನ್ರಿ ಅಂತೇನಲ್ಲ, ಎಲ್ಲಾ ತಿಳದಿರ್ತೈತೇನು?”

ವಾರ್ಡಿನಲ್ಲಿ ಎಷ್ಟು ಹುಡುಗಿಯರು ನನಗೆ “ಹೂನ್ರಿ” ಅಂದಿದ್ದರೋ! ಅದನ್ನು ಮರ್ಯಾದೆ ಎಂದು ಹಿಗ್ಗಿದ್ದೆ. ಅವರಿಗೆ ತಿಳಿಯಿತೋ ಇಲ್ಲವೋ ಎಂದು ಒಮ್ಮೆಯೂ ನೋಡಿರಲಿಲ್ಲ.

ರುಖ್ಸಾನಾಳಿಗೆ ಎರಡನೇ ಸಂದರ್ಶನ ಸಿಗಲಿಲ್ಲ. ಈಗ ನಾನು ಹೇಳಿಕೊಟ್ಟ ಕೂಡಲೇ ಪಾಠ ಮುಗಿಸುವುದಿಲ್ಲ. ಪ್ರತಿ ಹುಡುಗಿಯೂ ನನ್ನನ್ನು ಒಂದು ಪ್ರಶ್ನೆ ಕೇಳಿಯೇ ಬಾಗಿಲು ದಾಟಬೇಕು.