ಟ್ರಂಕಿನೊಳಗಿನ ಕೈಪಟ್ಟಿ

ಸ್ನೇಹಿತರೇ, ಇವತ್ತು ಕೆ.ಆರ್. ಪೇಟೆ ಕಡೆಯ ಹಳ್ಳಿಗೆ ಹೋಗಿದ್ದೆ. ನಮ್ಮ ಕಾಲೇಜು ಮತ್ತು ಒಂದು ಕಂಪನಿ ಸೇರಿ ಮಾಡಿದ ಕೈಪಟ್ಟಿಯನ್ನು ಅಲ್ಲಿನ ಹಿರಿಯರಿಗೆ ಪರೀಕ್ಷೆಗೆಂದು ಕೊಟ್ಟಿದ್ದೇವೆ. ಕಟ್ಟಿಕೊಂಡವರು ಬಿದ್ದರೆ ಮನೆಯವರ ಫೋನು ಬಡಿದುಕೊಳ್ಳುತ್ತದೆ, ಕಾಲೇಜಿನ ಕಂಪ್ಯೂಟರಿನಲ್ಲೂ ದಾಖಲಾಗುತ್ತದೆ.

ಪಟ್ಟಿ ಪಡೆದವರಲ್ಲೊಬ್ಬರಾದ ಕೆಂಪಮ್ಮಜ್ಜಿಯ ಮೊಣಕೈಗೆ ಬ್ಯಾಂಡೇಜು. ನಿನ್ನೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದರಂತೆ. ಯಾರ ಫೋನೂ ಬಡಿದುಕೊಂಡಿಲ್ಲ.

“ಪಟ್ಟಿ ಎಲ್ಲಜ್ಜಿ?” ಎಂದೆ.

ಟ್ರಂಕು ತೆರೆದು, ರೇಷ್ಮೆ ಸೀರೆಯ ಮಡಿಕೆಯಿಂದ ತೆಗೆದು ತೋರಿಸಿದರು. ಒಂದು ಗೀರೂ ಇಲ್ಲ.

“ಕೊಟ್ಟಿಗೇಲಿ ಗಂಜಲ ಕಣಪ್ಪ, ಜಾರ್ತದೆ. ನಾನು ಬಿದ್ರೆ ನಿಮ್ ವಸ್ತು ಒಡೆದೋಗ್ಬುಡ್ತದೆ ಅಂತ ಬಿಚ್ಚಿಟ್ಟು ಓಯ್ತೀನಿ.”

ಪರರ ವಸ್ತುವನ್ನು ತಮ್ಮ ಮೈಗಿಂತ ಹೆಚ್ಚು ಜೋಪಾನ ಮಾಡುವವರಿವರು. ಪಟ್ಟಿ ಮಾಡುವಾಗ ನಮಗದು ಹೊಳೆಯಲೇ ಇಲ್ಲ.

ಕಾಲೇಜಿನ ಕಂಪ್ಯೂಟರಿನಲ್ಲಿ ಮಾತ್ರ ಅಜ್ಜಿ ಇನ್ನೂ ಬಿದ್ದಿಲ್ಲ.